ಚಾರ್ಜ್‌ಶೀಟು ಎಂದರೆ ಶಿಕ್ಷೆಯಲ್ಲ

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಗಳಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಗಳಲ್ಲಿ ಮಾಡಿದ ಭಾಷಣದ ಬರಹ)



ಇವತ್ತು ನಾನು ಒಂದೇ ಒಂದು ಶಬ್ದದ ವಿಷಯ ಹೇಳಲು ನಿಂತಿದ್ದೇನೆ. ಆ ಶಬ್ದ ‘ಚಾರ್ಜ್‌ಶೀಟು’. ಗಂಜಿನಲ್ಲಿ, ಚಹದಂಗಡಿಯಲ್ಲಿ, ಗಿರಣಿಯ ಬಾಗಿಲಲ್ಲಿ ನೀವು ದಿನಾ ಕೇಳುವ ಮಾತು. “ಅವನ ಮ್ಯಾಲೆ ಚಾರ್ಜ್‌ಶೀಟ್ ಆಗ್ಯದ” ಎಂದರೆ ಸಾಕು, ಕೇಳಿದವನು ಮುಖ ತಿರುವುತ್ತಾನೆ. ಕಿರಾಣಿ ಅಂಗಡಿಯವನು ಉದ್ರಿ ನಿಲ್ಲಿಸುತ್ತಾನೆ. ಗೊತ್ತಾದ ಸಂಬಂಧ ಮುರಿಯುತ್ತದೆ. ಮಾಲಿಕ “ನಾಳೆಯಿಂದ ಬರಬ್ಯಾಡ” ಎನ್ನುತ್ತಾನೆ. ಅಷ್ಟು ಹೊತ್ತಿಗೆ ಯಾವ ನ್ಯಾಯಾಧೀಶರೂ ಒಂದು ಅಕ್ಷರ ಹೇಳಿರುವುದಿಲ್ಲ. ಆದರೆ ಊರು ತನ್ನ ತೀರ್ಪು ಕೊಟ್ಟು ಕೈ ತೊಳೆದುಕೊಂಡಿರುತ್ತದೆ.

ನಾನು ಮಾಸ್ತರಿಕೆ ಬಿಟ್ಟವನು. ಆದರೂ ಒಂದು ಶಬ್ದ ಸಿಕ್ಕರೆ ಬೋರ್ಡಿನ ಮೇಲೆ ಬರೆದು ಬಿಡಿಸಿ ತೋರಿಸುವ ಚಾಳಿ ಹೋಗಿಲ್ಲ. ಸಹಿಸಿಕೊಳ್ಳಬೇಕು.

ಮೊದಲಿಗೆ ‘ಆರೋಪ’ ಎಂಬ ಮಾತನ್ನೇ ನೋಡಿರಿ. ಸಂಸ್ಕೃತದಲ್ಲಿ ಅದರ ಅರ್ಥ ಮೇಲೆ ಇಡುವುದು, ಏರಿಸುವುದು. ಹಗ್ಗವನ್ನು ಕಂಡು ಹಾವೆಂದು ಹೆದರುವುದಕ್ಕೆ ನಮ್ಮ ಶಾಸ್ತ್ರಿಗಳು, ಹಗ್ಗದ ಮೇಲೆ ಹಾವನ್ನು ಆರೋಪಿಸುವುದು ಎನ್ನುತ್ತಾರೆ. ಕನ್ನಡದಲ್ಲಿ ನಾವು ‘ಆರೋಪ ಹೊರಿಸುವುದು’ ಎನ್ನುತ್ತೇವೆ. ಈ ಮಾತು ಹಮಾಲರಿಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ. ಚೀಲವನ್ನು ನಿಮ್ಮ ಬೆನ್ನ ಮೇಲೆ ಇನ್ನೊಬ್ಬರು ಎತ್ತಿ ಇಡುತ್ತಾರೆ. ಚೀಲ ನಿಮ್ಮ ಬೆನ್ನ ಮೇಲಿದ್ದ ಮಾತ್ರಕ್ಕೆ ಅದರೊಳಗಿನ ಮಾಲು ನಿಮ್ಮದಾಗುವುದಿಲ್ಲ.

ನಮ್ಮ ಈ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ಲಿಂಗಸುಗೂರಂತೂ 1905ರವರೆಗೆ ತಾನೇ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಅಂದಿನ ಅದಾಲತ್ತಿನ ಭಾಷೆ ಉರ್ದು. ಜನರಿಗೆ ತಿಳಿಯದ ಭಾಷೆಯಲ್ಲಿ ಜನರ ನ್ಯಾಯ ನಡೆಯುತ್ತಿತ್ತು; ಅದನ್ನು ನಾನು ಹೊಗಳಲಾರೆ. ಆದರೆ ಒಂದು ಮಾತು ಒಪ್ಪಬೇಕು. ಆ ಭಾಷೆಯಲ್ಲಿ ಶಬ್ದಗಳು ಒಂದಕ್ಕೊಂದು ಬೆರೆಯುತ್ತಿರಲಿಲ್ಲ. ಪೋಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕಳಿಸುವ ಕಾಗದ ‘ಚಾಲಾನ್’. ಕೋರ್ಟು ತಾನೇ ಓದಿ ನೋಡಿ ಬರೆಯುವ ಆರೋಪ ‘ಫರ್ದೆ ಜುರ್ಮ್’. ಆರೋಪ ಹೊತ್ತವನು ‘ಮುಲ್ಜಿಮ್’. ಅಪರಾಧ ಸಿದ್ಧವಾದವನು ‘ಮುಜ್ರಿಮ್’. ಕೇಳಲು ಅಣ್ಣತಮ್ಮಂದಿರ ಹಾಗಿರುವ ಈ ಎರಡು ಶಬ್ದಗಳ ನಡುವೆ ಒಂದು ಇಡೀ ವಿಚಾರಣೆ ಕುಳಿತಿದೆ.

ಕನ್ನಡದಲ್ಲೂ ಶಬ್ದಗಳಿಗೆ ಬರವಿಲ್ಲ. ಆರೋಪಿ ಬೇರೆ, ಅಪರಾಧಿ ಬೇರೆ. ಪೋಲೀಸರು ಕೊಡುವುದು ದೋಷಾರೋಪಣ ಪಟ್ಟಿ. ಪತ್ರಿಕೆಗಳು ಅದನ್ನೇ ಆರೋಪಪಟ್ಟಿ ಎನ್ನುತ್ತವೆ. ಕೋರ್ಟು ಮಾಡುವುದು ದೋಷಾರೋಪ ನಿಗದಿ. ಶಬ್ದಗಳಿವೆ, ಅವುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವ ಎಚ್ಚರ ಸಾಲದು. ನಾವು ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ‘ಚಾರ್ಜ್‌ಶೀಟು’ ಎಂಬ ಒಂದೇ ಟೋಪಿ ಹಾಕಿಬಿಟ್ಟಿದ್ದೇವೆ. ಠಾಣೆಯಲ್ಲಿ ದೂರು ದಾಖಲಾದರೂ ಚಾರ್ಜ್‌ಶೀಟು, ಪೋಲೀಸರ ಪಟ್ಟಿಯೂ ಚಾರ್ಜ್‌ಶೀಟು, ಕೋರ್ಟಿನ ಆರೋಪವೂ ಚಾರ್ಜ್‌ಶೀಟು, ಗಿರಣಿಯ ಮ್ಯಾನೇಜರು ಕೊಟ್ಟ ನೋಟೀಸೂ ಚಾರ್ಜ್‌ಶೀಟು!

ಠಾಣೆಯಲ್ಲಿ ದಾಖಲಾಗುವ ಎಫ್.ಐ.ಆರ್. ಎಂಬುದು ಒಬ್ಬರು ಹೇಳಿದ್ದನ್ನು ಬರೆದುಕೊಂಡ ಕಾಗದ. ತನಿಖೆ ಅಲ್ಲಿಂದ ಮುಂದೆ. ತನಿಖೆ ಮುಗಿದ ಮೇಲೆ ಪೋಲೀಸರು ಎರಡರಲ್ಲಿ ಒಂದು ದಾರಿ ಹಿಡಿಯಬಹುದು. ಸಾಕ್ಷ್ಯ ಸಿಕ್ಕಿಲ್ಲವೆಂದು ತೋರಿದರೆ ನಮ್ಮ ಕಡೆ ‘ಬಿ ರಿಪೋರ್ಟು’ ಎನ್ನುವ ವರದಿ ಹಾಕುತ್ತಾರೆ. ಸಾಕ್ಷ್ಯ ಇದೆ ಎಂದು ಕಂಡರೆ ದೋಷಾರೋಪಣ ಪಟ್ಟಿ ಹಾಕುತ್ತಾರೆ. ಅದು ಫೌಜದಾರರ ಅಭಿಪ್ರಾಯ. ಅವರ ಮಾತಿಗೆ ತೂಕವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ತೂಕ ಹಾಕುವ ತಕ್ಕಡಿ ಅವರ ಕೈಯಲ್ಲಿಲ್ಲ.

ಈ ಪಟ್ಟಿಗೆ ಒಂದು ಗಡುವು ಉಂಟು. ಮನುಷ್ಯನನ್ನು ಜೇಲಿನಲ್ಲಿ ಇಟ್ಟುಕೊಂಡು ಪೋಲೀಸರು ತಮಗೆ ಬೇಕಾದಷ್ಟು ದಿನ ತನಿಖೆ ಮಾಡುತ್ತ ಕೂಡುವಂತಿಲ್ಲ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಆರೋಪಗಳಲ್ಲಿ 90 ದಿನ. ಉಳಿದವುಗಳಲ್ಲಿ 60 ದಿನ. ಅಷ್ಟರೊಳಗೆ ಪಟ್ಟಿ ಬಾರದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು. ಹಳೆಯ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಆದರೆ ಕೇಳಿದವನಿಗೆ ಮಾತ್ರ ಇದು ಸಿಗುತ್ತದೆ, ಅದೂ ಪಟ್ಟಿ ಬರುವ ಮುಂಚೆ ಕೇಳಿದರೆ. 61ನೆಯ ದಿನ ಸುಮ್ಮನೆ ಕುಳಿತು, 62ನೆಯ ದಿನ ಪಟ್ಟಿ ಬಂದರೆ ಆ ಹಕ್ಕು ಕೈಬಿಟ್ಟಂತೆಯೇ. ದುಡ್ಡಿದ್ದವನ ವಕೀಲರು ಈ ದಿನಗಳನ್ನು ಬೆರಳಿನ ಮೇಲೆ ಎಣಿಸುತ್ತಿರುತ್ತಾರೆ. ಕೂಲಿಯವನ ಮನೆಯಲ್ಲಿ ಎಣಿಸುವವರು ಯಾರು? ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದಿಡಿರಿ, ಅಷ್ಟು ಸಾಕು.

ಇನ್ನು ಕೋರ್ಟಿನ ಆರೋಪಕ್ಕೆ ಬರೋಣ. ಇಂಗ್ಲೀಷಿನಲ್ಲಿ ಇದನ್ನೇ ‘ಚಾರ್ಜ್’ ಎನ್ನುವುದು. ಇಂಗ್ಲೆಂಡು ಅಮೆರಿಕಗಳಲ್ಲಿ ದೊಡ್ಡ ಅಪರಾಧಗಳಿಗೆ ‘ಇಂಡೈಟ್‌ಮೆಂಟ್’ ಎಂಬ ಇನ್ನೊಂದು ಮಾತು ಇದೆ. ಅದರ ಕಾಗುಣಿತದಲ್ಲಿ ಒಂದು ಸಿ ಅಕ್ಷರ ಇದೆ, ಬಾಯಲ್ಲಿ ಇಲ್ಲ. ನನ್ನ ಹುಡುಗರೆಲ್ಲ ‘ಇಂಡಿಕ್ಟ್’ ಎಂದೇ ಓದುತ್ತಿದ್ದರು. ಅಮೆರಿಕದಲ್ಲಿ ‘ಗ್ರ್ಯಾಂಡ್ ಜ್ಯೂರಿ’ ಎಂದು ಸಾಮಾನ್ಯ ನಾಗರಿಕರನ್ನು ಕೂಡಿಸಿ, ಸಾಕ್ಷ್ಯದ ಒಂದು ಪಾಲು ತೋರಿಸಿ, ಇವನನ್ನು ವಿಚಾರಣೆಗೆ ನಿಲ್ಲಿಸಬೇಕೋ ಬೇಡವೋ ಎಂದು ಕೇಳುತ್ತಾರೆ. ಇಂಗ್ಲೆಂಡಿನವರು 1933ರಲ್ಲಿ ಆ ಪದ್ಧತಿಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿದರು. ಆ ದೇಶದ ಮಾಜಿ ಅಧ್ಯಕ್ಷರಾಗಿದ್ದ ಟ್ರಂಪರ ಮೇಲೆ ನ್ಯೂಯಾರ್ಕಿನಲ್ಲಿ ಇಂಥ ದೋಷಾರೋಪಣೆ ಆದದ್ದು 2023ರ ಮಾರ್ಚಿಯಲ್ಲಿ. ಅದೇ ಪ್ರಕರಣದಲ್ಲಿ ಅವರು ತಪ್ಪಿತಸ್ಥರೆಂದು ಬೇರೆ ಜ್ಯೂರಿ ಹೇಳಿದ್ದು 2024ರ ಮೇಯಲ್ಲಿ. ನಡುವೆ 14 ತಿಂಗಳು. ಅಷ್ಟು ಕಾಲವೂ ಅವರು ಕಾಯಿದೆಯ ಕಣ್ಣಿನಲ್ಲಿ ಬರೀ ಆರೋಪಿ. ಅಧ್ಯಕ್ಷರಿಗೆ ಸಲ್ಲುವ ಈ ಮರ್ಯಾದೆ ನಮ್ಮ ಗಿರಣಿಯ ಹಮಾಲನಿಗೂ ಸಲ್ಲಬೇಕು.

ನಮ್ಮಲ್ಲಿ ಗ್ರ್ಯಾಂಡ್ ಜ್ಯೂರಿ ಇಲ್ಲ; ನ್ಯಾಯಾಧೀಶರೇ ಪೋಲೀಸರ ಕಾಗದಗಳನ್ನು ಓದುತ್ತಾರೆ, ಎರಡೂ ಕಡೆಯ ಮಾತು ಕೇಳುತ್ತಾರೆ. ಆಧಾರವಿಲ್ಲವೆಂದು ಕಂಡರೆ ಅಲ್ಲಿಯೇ ಆರೋಪಿಯನ್ನು ಬಿಟ್ಟುಬಿಡಬಹುದು. ಇದು ವಿಚಾರಣೆ ಮುಗಿದ ಮೇಲೆ ಆಗುವ ಖುಲಾಸೆಯಲ್ಲ. ವಿಚಾರಣೆಗೇ ನಿಲ್ಲಿಸದೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವುದು. ಆಧಾರ ಇದೆ ಎಂದು ಕಂಡರೆ ಆರೋಪ ಬರೆಯುತ್ತಾರೆ. ಆ ಹಂತದಲ್ಲಿ ಬೇಕಾದದ್ದು ಬಲವಾದ ಶಂಕೆ ಮಾತ್ರ, ಅಪರಾಧದ ರುಜುವಾತಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಬಿಹಾರದ ಒಂದು ಪ್ರಕರಣದಲ್ಲಿ ಹೇಳಿದೆ. ಎಂದರೆ, ಆರೋಪ ನಿಗದಿ ಮಾಡಿದ ನ್ಯಾಯಾಧೀಶರೇ “ಇವನು ತಪ್ಪು ಮಾಡಿದ್ದಾನೆ” ಎಂದು ಹೇಳಿರುವುದಿಲ್ಲ. ಅವರೇ ಹೇಳದ ಮಾತನ್ನು ಚಹದಂಗಡಿಯಲ್ಲಿ ಕುಳಿತು ನಾವು ಹೇಳುತ್ತೇವೆ.

ಆರೋಪವನ್ನು ಹೇಗೆ ಬೇಕೋ ಹಾಗೆ ಬರೆಯುವಂತಿಲ್ಲ. ಯಾವ ಅಪರಾಧ, ಯಾವ ಕಲಮು, ಯಾವ ದಿನ, ಯಾವ ಜಾಗ, ಯಾರ ವಿರುದ್ಧ ಅಥವಾ ಯಾವ ವಸ್ತುವಿನ ವಿಷಯ—ಇಷ್ಟೂ ಅದರಲ್ಲಿ ಇರಬೇಕು. ಗಂಜಿನಲ್ಲಿ ಚೀಲಕ್ಕೆ ಗುರುತು, ತೂಕ, ಚೀಟಿ ಇರುವ ಹಾಗೆ. “ನೀನು ಕಳ್ಳ” ಎಂಬುದು ಆರೋಪವಲ್ಲ, ಬೈಗುಳ. “ಇಂಥ ತಾರೀಖಿನ ರಾತ್ರಿ ಇಂಥ ಗೋದಾಮಿನಿಂದ ಇಷ್ಟು ಚೀಲ ಭತ್ತ ಒಯ್ದೆ” ಎಂಬುದು ಆರೋಪ. ಇದಕ್ಕೆ ಉತ್ತರ ಕೊಡಬಹುದು. ಆ ರಾತ್ರಿ ನಾನು ದೇವದುರ್ಗದಲ್ಲಿ ಮದುವೆಯಲ್ಲಿದ್ದೆ ಎನ್ನಬಹುದು, ಸಾಕ್ಷಿ ತರಬಹುದು. ತೀರ್ಪು ಹೇಳುವ ಮೊದಲು ಕೋರ್ಟು ಆರೋಪವನ್ನು ತಿದ್ದಬಹುದು, ಹೊಸದು ಸೇರಿಸಬಹುದು. ಆದರೆ ತಿದ್ದಿದ್ದನ್ನೂ ಆರೋಪಿಗೆ ಓದಿ ಹೇಳಲೇಬೇಕು.

ಓದಿ ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ: ತಪ್ಪು ಒಪ್ಪುತ್ತೀಯೋ, ವಿಚಾರಣೆ ಬೇಕೋ?

1922ರ ಮಾರ್ಚಿ 18ರಂದು ಅಹಮದಾಬಾದಿನಲ್ಲಿ ಈ ಪ್ರಶ್ನೆಯನ್ನು ಗಾಂಧೀಜಿಯವರಿಗೆ ಕೇಳಿದರು. ‘ಯಂಗ್ ಇಂಡಿಯಾ’ದಲ್ಲಿ ಬರೆದ ಮೂರು ಲೇಖನಗಳಿಗಾಗಿ ರಾಜದ್ರೋಹದ ಆರೋಪ. ಗಾಂಧೀಜಿ ಒಪ್ಪಿದರು. ಹೆಚ್ಚಿನ ಶಿಕ್ಷೆಯನ್ನೇ ಕೊಡಿರಿ ಎಂದು ಕೇಳಿಕೊಂಡರು. ನ್ಯಾಯಾಧೀಶ ಬ್ರೂಮ್‌ಫೀಲ್ಡರು 6 ವರ್ಷ ಕೊಟ್ಟರು. ಅದು ಎಲ್ಲ ತಿಳಿದು, ಲೆಕ್ಕ ಹಾಕಿ, ಸರಕಾರವನ್ನೇ ಕಟಕಟೆಗೆ ಎಳೆಯಲು ಒಪ್ಪಿಕೊಂಡ ಒಪ್ಪಿಗೆ. ನಮ್ಮವನ ಒಪ್ಪಿಗೆ ಎಂಥಾದ್ದು? ಇನ್ನೊಂದು ತಾರೀಖಿಗೆ ಬಂದರೆ ಇನ್ನೊಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. “ಹೂಂ ಅಂದ್ಬಿಡು, ದಂಡ ಕಟ್ಟಿ ಮುಗಿಸು” ಎಂದು ಪಕ್ಕದವನು ಹೇಳುತ್ತಾನೆ. ಇವನು ಹೂಂ ಎನ್ನುತ್ತಾನೆ. ಒಂದು ದಿನದ ಕೂಲಿ ಉಳಿಸಲು ಹೋಗಿ ಇವನು ಆರೋಪಿಯಿಂದ ಅಪರಾಧಿಯಾದ. ಮುಂದೆ ಎಲ್ಲಿಯಾದರೂ ಕೆಲಸಕ್ಕೆ ಅರ್ಜಿ ಹಾಕಿದಾಗ “ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ” ಎಂಬ ಕಾಲಮಿನಲ್ಲಿ ಆ ‘ಹೂಂ’ ಎದ್ದು ನಿಲ್ಲುತ್ತದೆ.

ಈಗ ಗಿರಣಿಯ ಚಾರ್ಜ್‌ಶೀಟು. ಇದಕ್ಕೂ ಪೋಲೀಸರಿಗೂ ಸಂಬಂಧವಿಲ್ಲ, ಕೋರ್ಟಿಗೂ ಸಂಬಂಧವಿಲ್ಲ. ಕೆಲಸಗಾರನು ಶಿಸ್ತು ಮುರಿದನೆಂದು ಮಾಲಿಕರ ಕಡೆಯವರು ಕೊಡುವ ಲಿಖಿತ ಆಪಾದನೆ ಇದು. ಹೆಸರು ಒಂದೇ ಆದ್ದರಿಂದ ಜನ ಹೆದರುತ್ತಾರೆ. ಹೆದರಲಿ ಎಂದೇ ಕೆಲವು ಕಡೆ ಕೊಡುತ್ತಾರೆ. ಆ ಕಾಗದ ತೆಗೆದುಕೊಳ್ಳದೆ ಓಡಿಹೋಗುವವರನ್ನು ನಾನು ಬಲ್ಲೆ. ತೆಗೆದುಕೊಳ್ಳಬೇಕು! “ತಲುಪಿದೆ” ಎಂದು ಸಹಿ ಮಾಡುವುದು ತಪ್ಪು ಒಪ್ಪಿದಂತಲ್ಲ. ತಾರೀಖು ಹಾಕಿ ಸಹಿ ಮಾಡಿ, ಕೊಟ್ಟ ಅವಧಿಯೊಳಗೆ ಉತ್ತರ ಬರೆಯಬೇಕು. ಉತ್ತರ ಬರೆಯಲು ಬೇಕಾದ ಕಾಗದಪತ್ರ ಅವರ ಬಳಿ ಇದ್ದರೆ ಅದರ ನಕಲು ಬರಹದಲ್ಲಿ ಕೇಳಬೇಕು. ವಿಚಾರಣೆಯಲ್ಲಿ ಅವರ ಸಾಕ್ಷಿಗಳಿಗೆ ಪ್ರಶ್ನೆ ಹಾಕುವುದು, ತನ್ನ ಸಾಕ್ಷಿಗಳನ್ನು ತರುವುದು ಕೆಲಸಗಾರನ ಹಕ್ಕು.

ಎರಡು ಬಗೆಯ ಆರೋಪವೂ ಒಬ್ಬನ ಮೇಲೆಯೇ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ದೊಡ್ಡ ಪ್ರಕರಣ ಉಂಟು. ಹಟ್ಟಿ ಗಣಿಯವರು ಇದನ್ನು ವಿಶೇಷವಾಗಿ ಕೇಳಬೇಕು, ಏಕೆಂದರೆ ಇದು ಕೋಲಾರದ ಚಿನ್ನದ ಗಣಿಯ ಕಥೆ.

1985ರ ಜೂನ್ 2ರಂದು ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಒಬ್ಬ ಭದ್ರತಾ ಅಧಿಕಾರಿಯ ಮನೆಯ ಮೇಲೆ ಪೋಲೀಸರು ದಾಳಿ ಮಾಡಿದರು. 4.5 ಗ್ರಾಮಿನ ಚಿನ್ನದ ಉಂಡೆ ಮತ್ತು 1276 ಗ್ರಾಮು ಚಿನ್ನ ಬೆರೆತ ಮರಳು ಸಿಕ್ಕಿತೆಂದು ಕೇಸು ಹಾಕಿದರು. ಮರುದಿನ ಕಂಪನಿ ಅವರನ್ನು ಅಮಾನತು ಮಾಡಿತು. ಅದರ ಮರುದಿನ, ಜೂನ್ 4ರಂದು, ಕಂಪನಿಯ ಚಾರ್ಜ್‌ಶೀಟು ಬಂತು. ಎರಡೂ ಕಡೆ ಆಪಾದನೆ ಅದೇ, ಸಾಕ್ಷಿಗಳೂ ಅವರೇ. ಕೋರ್ಟಿನ ಕೇಸು ಮುಗಿಯುವವರೆಗೆ ನಿಮ್ಮ ವಿಚಾರಣೆ ನಿಲ್ಲಿಸಿರಿ ಎಂದು ಅವರು ಕೇಳಿದರು. ಕಂಪನಿ ಒಪ್ಪಲಿಲ್ಲ. ಅಮಾನತಿನ ಕಾಲದ ನಿರ್ವಾಹ ಭತ್ಯೆಯನ್ನೂ ಕೊಡಲಿಲ್ಲ. ಅವರು ಕೇರಳದ ತಮ್ಮ ಊರಿಗೆ ಹೋಗಿದ್ದರು. ಅಲ್ಲಿಂದ ಕೋಲಾರದ ವಿಚಾರಣೆಗೆ ಬರಲು ಕೈಯಲ್ಲಿ ಕಾಸಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ನಡೆಯಿತು. 1986ರ ಜೂನ್ 7ರಂದು ಕೆಲಸದಿಂದ ವಜಾ. ಮುಂದೆ 1987ರ ಫೆಬ್ರವರಿ 3ರಂದು ಕ್ರಿಮಿನಲ್ ಕೋರ್ಟು ಅವರನ್ನು ಖುಲಾಸೆ ಮಾಡಿತು. ದಾಳಿ ಮಾಡಿ ಮಾಲು ಹಿಡಿದೆವೆಂಬ ಮಾತೇ ರುಜುವಾತಾಗಲಿಲ್ಲ. ಕೋರ್ಟು ನಂಬದ ಮಾತನ್ನು ಕಂಪನಿ ನಂಬಿ ಕೆಲಸ ಕಿತ್ತುಕೊಂಡಿತ್ತು!

ಅಲ್ಲಿಂದ ಮುಂದೆ 12 ವರ್ಷ. 1999ರ ಮಾರ್ಚಿ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಂದೇ ಸಂಗತಿ, ಒಂದೇ ಸಾಕ್ಷ್ಯದ ಮೇಲೆ ನಿಂತ ಎರಡು ಪ್ರಕರಣಗಳಲ್ಲಿ ಕೋರ್ಟಿನಲ್ಲಿ ಬಿದ್ದುಹೋದದ್ದನ್ನು ಕಂಪನಿಯ ವಿಚಾರಣೆಯಲ್ಲಿ ಎತ್ತಿ ನಿಲ್ಲಿಸುವುದು ಅನ್ಯಾಯ; ನಿರ್ವಾಹ ಭತ್ಯೆ ಕೊಡದೆ ಹಸಿವಿನಿಂದ ದೂರವಿಟ್ಟು ನಡೆಸಿದ ವಿಚಾರಣೆ ವಿಚಾರಣೆಯೇ ಅಲ್ಲ ಎಂದಿತು. ಕೆಲಸಕ್ಕೆ ಮರಳಿ ತೆಗೆದುಕೊಂಡು, ಅಮಾನತಿನ ದಿನದಿಂದ ಪೂರ್ತಿ ಸಂಬಳ ಕೊಡಬೇಕೆಂದು ಆಜ್ಞೆಯಾಯಿತು. ಎರಡು ವರ್ಷದಲ್ಲಿ, 2001ರಲ್ಲಿ, ಆ ಗಣಿಯೇ ಮುಚ್ಚಿತು. ಸಂಬಳ ಬಂತು ಎನ್ನೋಣ. ನಡುವಿನ 14 ವರ್ಷವನ್ನು ಯಾವ ಕೋರ್ಟು ತಿರುಗಿ ಕೊಡಬಲ್ಲುದು?

ಈ ತೀರ್ಪನ್ನು ಹಿಗ್ಗಿಸಿ ಓದಬಾರದು. ಕೋರ್ಟಿನಲ್ಲಿ ಖುಲಾಸೆಯಾದವರೆಲ್ಲರಿಗೂ ಕೆಲಸ ತಾನಾಗಿ ಮರಳುತ್ತದೆ ಎಂದು ಅದು ಹೇಳಿಲ್ಲ. ಕೋರ್ಟಿನಲ್ಲಿ ಬೇಕಾದಷ್ಟು ಗಟ್ಟಿ ರುಜುವಾತು ಗಿರಣಿಯ ವಿಚಾರಣೆಗೆ ಬೇಕಿಲ್ಲ. ಎರಡೂ ಒಂದೇ ಸಂಗತಿಯ ಮೇಲೆ ನಿಂತಿರಬೇಕು, ಆಗ ಮಾತ್ರ ಈ ತೀರ್ಪಿನ ಬಲ.

ಭತ್ಯೆಯ ಲೆಕ್ಕ ಇಷ್ಟು: ಅಮಾನತಿನ ಮೊದಲ 90 ದಿನ ಸಂಬಳದ ಅರ್ಧ, ಆಮೇಲೂ ವಿಚಾರಣೆ ಮುಗಿಯದಿದ್ದರೆ, ತಡವಾದದ್ದು ಕೆಲಸಗಾರನಿಂದಲ್ಲವಾದರೆ, ನೂರಕ್ಕೆ 75. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲೂ ಇದು ಉಳಿದಿದೆ. ವಿಚಾರಣೆಯನ್ನು 90 ದಿನದೊಳಗೆ ಮುಗಿಸಬೇಕೆಂದೂ ಇದೆ. ಕೇಳಲು ಚೆನ್ನ. ಆದರೆ ಅದರ ಸ್ಥಾಯಿ ಆದೇಶಗಳ ಅಧ್ಯಾಯ 300 ಮತ್ತು ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ. 1946ರ ಹಳೆಯ ಕಾಯಿದೆಯಲ್ಲಿ ಈ ಸಂಖ್ಯೆ 100 ಇತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಎದ್ದ ಅಕ್ಕಿ ಗಿರಣಿಗಳಲ್ಲಿ 300 ಜನರ ಹಾಜರಿ ಪುಸ್ತಕ ಇರುವುದು ಎಷ್ಟು ಕಡೆ? ನೀವೇ ಎಣಿಸಿರಿ. ಹಟ್ಟಿಯವರಿಗೆ ಸಿಗುವ ರಕ್ಷಣೆ ಅಕ್ಕಿ ಗಿರಣಿಯವನಿಗೆ ಇಲ್ಲ. ಅವನಿಗೆ ಚಾರ್ಜ್‌ಶೀಟು ಕೊಡುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಬಾಯಿಮಾತಿನಲ್ಲಿ “ಹೋಗು” ಎಂದರೆ ಮುಗಿಯಿತು. ಹಾಗೆ ನೋಡಿದರೆ, ಬರಹದಲ್ಲಿ ಆರೋಪ ಕೊಡಿರಿ ಎಂದು ಕೇಳುವುದೇ ಇಂಥ ಕಡೆ ಮೊದಲನೆಯ ಹಕ್ಕೊತ್ತಾಯ ಆಗಬೇಕಾಗಿದೆ. ಆರೋಪಕ್ಕೆ ಹೆದರುವವರ ನಡುವೆ ಆರೋಪವನ್ನು ಬೇಡುವವರೂ ಇರಬೇಕಾಗಿ ಬಂದದ್ದು ವಿಚಿತ್ರವೇ ಸರಿ.

ವ್ಯಾಪಾರಸ್ಥ ಮಿತ್ರರು ಇಷ್ಟು ಹೊತ್ತು ಸುಮ್ಮನೆ ಕೇಳಿದ್ದೀರಿ. ನಿಮಗೆ ಹೆಚ್ಚಾಗಿ ಬರುವುದು ಚೆಕ್ಕಿನ ಕೇಸು. ಬೀಜ ಗೊಬ್ಬರದ ದೊಡ್ಡ ಅಂಗಡಿಗೋ ಬಡ್ಡಿಯವರಿಗೋ ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟಿರುತ್ತೀರಿ. ಅದು ಬ್ಯಾಂಕಿನಿಂದ ಹಿಂದಕ್ಕೆ ಬಂದರೆ, ಅವರು 30 ದಿನದೊಳಗೆ ನಿಮಗೆ ನೋಟೀಸು ಕೊಡಬೇಕು. ಅದು ತಲುಪಿದ 15 ದಿನದೊಳಗೆ ನೀವು ಹಣ ಕೊಡದಿದ್ದರೆ ಅವರು ನೇರವಾಗಿ ಕೋರ್ಟಿಗೆ ದೂರು ಕೊಡಬಹುದು. ಇಲ್ಲಿ ಪೋಲೀಸರಿಲ್ಲ, ದೋಷಾರೋಪಣ ಪಟ್ಟಿ ಇಲ್ಲ, ಕೋರ್ಟು ವಿಧಿವತ್ತಾಗಿ ಆರೋಪ ಬರೆಯಬೇಕೆಂಬ ನಿಯಮವೂ ಇಲ್ಲ. ಆಪಾದನೆಯ ವಿವರವನ್ನು ಹೇಳಿ, ಒಪ್ಪುತ್ತೀರಾ ಎಂದು ಕೇಳಿದರೆ ಸಾಕು. ಆದ್ದರಿಂದ “ಚೆಕ್ ಕೇಸಿನಾಗ ಚಾರ್ಜ್‌ಶೀಟ್ ಆಗ್ಯದ” ಎಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ ಅವರಿಗೆ ಕಾಯಿದೆ ತಿಳಿಯದು ಎಂದುಕೊಳ್ಳಿರಿ. ಆದರೆ ಹಗುರವಾಗಿಯೂ ತೆಗೆದುಕೊಳ್ಳಬೇಡಿರಿ. ಶಿಕ್ಷೆ 2 ವರ್ಷದವರೆಗೆ, ದಂಡ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ಹೋಗಬಹುದು. ಮೇಲಾಗಿ, ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ಕಾಯಿದೆ ಮೊದಲೇ ನಂಬಿಕೊಂಡು ಕೂಡುತ್ತದೆ. ಅಲ್ಲವೆಂದು ತೋರಿಸುವ ಭಾರ ಸಹಿ ಮಾಡಿದವನ ಮೇಲೆ.

ಕಡೆಗೆ ಭಾಷೆಯ ಮಾತು. ಮಸ್ಕಿಯಲ್ಲಿ ನಿಂತು ಈ ಮಾತು ಆಡದೆ ಹೋಗಲಾರೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರರಿಗೆ ಇಲ್ಲಿಯ ಬಂಡೆಯ ಮೇಲೆ ಒಂದು ಶಾಸನ ಕಂಡಿತು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಅದರಲ್ಲಿತ್ತು. ಅದೇ ಅರಸ ಉತ್ತರ ಹಿಂದೂಸ್ಥಾನದ ತನ್ನ ಕಂಬಗಳ ಮೇಲೆ, ವಿಚಾರಣೆಯ ರೀತಿಯೂ ಶಿಕ್ಷೆಯೂ ಎಲ್ಲರಿಗೂ ಒಂದೇ ಸಮನಾಗಿರಬೇಕೆಂದು ಕೆತ್ತಿಸಿದ. ಅರಸನ ಮಾತನ್ನು ಸಂಸ್ಕೃತದಲ್ಲಿ ಕೆತ್ತಿಸಲಿಲ್ಲ, ಪ್ರಾಕೃತದಲ್ಲಿ ಕೆತ್ತಿಸಿದ. ಇಂದಿನ ಕಾಯಿದೆಯೂ ಅದನ್ನೇ ಹೇಳುತ್ತದೆ: ಆರೋಪ ಕೋರ್ಟಿನ ಭಾಷೆಯಲ್ಲಿರಬೇಕು, ಅದನ್ನು ಆರೋಪಿಗೆ ಓದಿ ಹೇಳಿ ವಿವರಿಸಬೇಕು. ನಮ್ಮ ಕೆಳಗಿನ ಕೋರ್ಟುಗಳಲ್ಲಿ ಕನ್ನಡ ಕೋರ್ಟಿನ ಭಾಷೆಯೇ. ಆದರೂ ಕಾಗದ ಇಂಗ್ಲೀಷಿನಲ್ಲಿ ಬಂದರೆ, “ಸ್ವಾಮಿ, ತಿಳಿಯಲಿಲ್ಲ, ಕನ್ನಡದಲ್ಲಿ ಹೇಳಿರಿ” ಎಂದು ಕೈಮುಗಿದು ನಿಲ್ಲುವುದರಲ್ಲಿ ಅವಮಾನವಿಲ್ಲ. ತಿಳಿಯುವವರೆಗೆ ಹೂಂ ಎನ್ನಬೇಡಿರಿ. ಪೋಲೀಸರ ಪಟ್ಟಿಯ ನಕಲು ಆರೋಪಿಗೆ ಖರ್ಚಿಲ್ಲದೆ ಸಿಗಬೇಕು. ಆರೋಪಿ ಹಾಜರಾದ 14 ದಿನದೊಳಗೆ ಕೊಡಬೇಕೆಂದು ಈಗಿನ ಸಂಹಿತೆ ಹೇಳುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬೇಕು. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜೇಲಿನಲ್ಲಿರುವವರಿಗೆ, ಕಾರ್ಖಾನೆಯ ಕೆಲಸಗಾರರಿಗೆ ಆದಾಯ ಕೇಳದೆಯೇ ವಕೀಲರನ್ನು ಕೊಡಬೇಕು. ಬರೆಯಲು ಬಾರದವರು ಬಾಯಿಂದ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಹೋಗುವಾಗ ನಿಮಗೆ ಬಂದ ಕಾಗದವನ್ನು ಮಡಿಕೆ ಮುರಿಯದೆ, ಲಕೋಟೆಯ ಸಮೇತ ಒಯ್ಯಿರಿ. ಅದರ ಮೇಲಿನ ಅಂಚೆಯ ಮುದ್ರೆಯ ತಾರೀಖು ಕೆಲಸಕ್ಕೆ ಬರುತ್ತದೆ.